ಉಕ್ಕು ಕತ್ತರಿಸುವ ಬೆಳಕಿಗೆ ಗಾಜಿನ ಎಳೆ ಏಕೆ ಕರಗುವುದಿಲ್ಲ?

ಓದುಗರ ಪ್ರಶ್ನೆ: ಫೈಬರ್ ಲೇಸರ್ ಯಂತ್ರಗಳು ಬೆರಳುದಪ್ಪದ ಉಕ್ಕಿನ ಹಲಗೆಯನ್ನು ಸಲೀಸಾಗಿ ಕತ್ತರಿಸುತ್ತವೆ. ಆ ಬೆಳಕೆಲ್ಲ ಹುಟ್ಟುವುದು ತೆಳುವಾದ ಒಂದು ಗಾಜಿನ ಎಳೆಯೊಳಗೆ ಎನ್ನುತ್ತಾರೆ. ಉಕ್ಕನ್ನೇ ಕರಗಿಸುವ ಬೆಳಕು ತನ್ನನ್ನು ಹೊತ್ತ ಗಾಜನ್ನು ಏಕೆ ಕರಗಿಸುವುದಿಲ್ಲ? ಕರಗಿಸುವುದಿಲ್ಲವೆಂದ ಮೇಲೆ ಅದರ ಶಕ್ತಿಯನ್ನು ಎಷ್ಟು ಬೇಕಾದರೂ ಹೆಚ್ಚಿಸುತ್ತ ಹೋಗಬಹುದಲ್ಲವೇ?

ಉತ್ತರ: ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರ ಸುಲಭ. ಬೆಳಕು ಎಷ್ಟೇ ಪ್ರಖರವಾಗಿರಲಿ, ಅದು ಒಂದು ವಸ್ತುವನ್ನು ಬಿಸಿ ಮಾಡಬೇಕಾದರೆ ಆ ವಸ್ತು ಅದನ್ನು ಹೀರಿಕೊಳ್ಳಬೇಕು. ಸುಮಾರು 1,070 ನ್ಯಾನೋಮೀಟರ್ ತರಂಗಾಂತರದ, ಕಣ್ಣಿಗೆ ಕಾಣದ ಈ ಅವಕೆಂಪು ಬೆಳಕಿನ ಗಣನೀಯ ಪಾಲನ್ನು ಉಕ್ಕು ತನ್ನ ಮೇಲ್ಮೈಯಲ್ಲಿಯೇ ಹೀರಿಕೊಂಡು ಕರಗುತ್ತದೆ. ಶುದ್ಧ ಸಿಲಿಕಾ ಗಾಜಾದರೋ ಅದನ್ನು ಬಹುಮಟ್ಟಿಗೆ ಹಾಗೆಯೇ ಸಾಗಗೊಡುತ್ತದೆ. ಅಂಥ ಗಾಜಿನಲ್ಲಿ ಒಂದು ಕಿಲೋಮೀಟರ್ ದೂರ ಹೋದ ಮೇಲೂ ಮುಕ್ಕಾಲು ಪಾಲಿಗಿಂತ ಹೆಚ್ಚು ಬೆಳಕು ಉಳಿದಿರುತ್ತದೆ. ಕಳೆದುಹೋದುದರಲ್ಲಿಯೂ ಹೆಚ್ಚಿನದು ಚದರಿ ಆಚೆ ಹೋದದ್ದೇ ಹೊರತು ಶಾಖವಾಗಿ ಒಳಗೆ ಉಳಿದದ್ದಲ್ಲ. ಎರಡನೆಯ ಭಾಗಕ್ಕೆ ಉತ್ತರ ‘ಇಲ್ಲ’ ಎಂದು. ಏಕಿಲ್ಲ ಎನ್ನುವುದು ಗಾಜು ಕರಗುವ ಮಾತಿಗಿಂತ ಹೆಚ್ಚು ಸ್ವಾರಸ್ಯದ್ದು. ಕಳೆದ ಸುಮಾರು ಹದಿನೈದು ವರ್ಷಗಳ ಸಂಶೋಧನೆಯ ದೊಡ್ಡದೊಂದು ಭಾಗ ಈ ‘ಇಲ್ಲ’ದ ಜೊತೆ ಗುದ್ದಾಡಿದ ಕಥೆಯೇ ಆಗಿದೆ.

ಎಷ್ಟು ಬೆಳಕು ಎಷ್ಟು ಜಾಗದಲ್ಲಿ ಅಡಗಿದೆ ಎಂಬ ಲೆಕ್ಕವನ್ನು ಮೊದಲು ನೋಡಬೇಕು. 10 ಕಿಲೋವ್ಯಾಟ್ ಬೆಳಕು ಎಳೆಯ ನಡುವಿನ 30 ಮೈಕ್ರೋಮೀಟರ್ ವ್ಯಾಸದ ತಿರುಳಿನಲ್ಲಿ ಸಾಗುತ್ತಿದ್ದರೆ, ಅದರ ತೀವ್ರತೆ ಚದರ ಸೆಂಟಿಮೀಟರಿಗೆ ಸುಮಾರು 140 ಕೋಟಿ ವ್ಯಾಟ್ ಆಗುತ್ತದೆ. ನಡುನೆತ್ತಿಯ ಸೂರ್ಯ ಅಷ್ಟೇ ಜಾಗಕ್ಕೆ ಕೊಡುವುದು ಸುಮಾರು 0.1 ವ್ಯಾಟ್, ಎಂದರೆ ಆ ಎಳೆಯೊಳಗಿನ ಬೆಳಕು ಸುಡುಬಿಸಿಲಿನ 1,400 ಕೋಟಿ ಪಟ್ಟು ತೀವ್ರ. ಇದು ಬರಿಯ ಕಾಗದದ ಮೇಲಿನ ಲೆಕ್ಕವಲ್ಲ. ಐಪಿಜಿ ಫೋಟೋನಿಕ್ಸ್ ಸಂಸ್ಥೆ 2009ರಲ್ಲಿಯೇ 10 ಕಿಲೋವ್ಯಾಟ್ ಶಕ್ತಿಯ, ಒಂದೇ ಅಚ್ಚುಕಟ್ಟಾದ ಕಿರಣವನ್ನು ಹೊರಡಿಸುವ ಫೈಬರ್ ಲೇಸರನ್ನು ಮಾಡಿ ತೋರಿಸಿತ್ತು.

ಆದರೆ ಬೆಳಕನ್ನು ಸುಮ್ಮನೆ ಸಾಗಿಸುವುದು ಬೇರೆ, ಗಾಜಿನೊಳಗೇ ಅದನ್ನು ಹುಟ್ಟಿಸುವುದು ಬೇರೆ. ಹುಟ್ಟಿಸುವಾಗ ಸ್ವಲ್ಪ ಶಾಖ ಬಂದೇ ಬರುತ್ತದೆ. ಫೈಬರ್ ಲೇಸರಿನ ಎಳೆಯನ್ನು ಅಡ್ಡಲಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೂರು ಪದರಗಳು ಕಾಣುತ್ತವೆ. ನಟ್ಟನಡುವೆ ಸುಮಾರು 20 ಮೈಕ್ರೋಮೀಟರ್ ಅಗಲದ, ಇಟರ್ಬಿಯಂ ಎಂಬ ಲೋಹಧಾತು ಬೆರೆಸಿದ ತಿರುಳು. ಅದರ ಸುತ್ತ 400 ಮೈಕ್ರೋಮೀಟರ್ ಅಗಲದ ಗಾಜಿನ ಹೊದಿಕೆ. ಹೊರಗೆ ಬೆಳಕನ್ನು ಒಳಕ್ಕೇ ತಿರುಗಿಸುವ ಪ್ಲಾಸ್ಟಿಕ್ ಜಾತಿಯ ಲೇಪ. ಡಯೋಡ್ ಲೇಸರುಗಳ 976 ನ್ಯಾನೋಮೀಟರ್ ಬೆಳಕನ್ನು ಆ ಅಗಲವಾದ ಹೊದಿಕೆಗೆ ತುಂಬುತ್ತಾರೆ. ಅದು ಗೋಡೆಯಿಂದ ಗೋಡೆಗೆ ಪುಟಿಯುತ್ತ ಸಾಗುವಾಗ ಮತ್ತೆ ಮತ್ತೆ ತಿರುಳನ್ನು ಹಾಯುತ್ತದೆ, ಹಾಯ್ದಾಗಲೆಲ್ಲ ಇಟರ್ಬಿಯಂ ಅಯಾನುಗಳು ಅದನ್ನು ಹೀರಿಕೊಂಡು 1,070 ನ್ಯಾನೋಮೀಟರ್ ಬೆಳಕನ್ನು ತಿರುಳಿನ ಉದ್ದಕ್ಕೂ ಹೊರಡಿಸುತ್ತವೆ. ಇಲ್ಲೊಂದು ಸೂಕ್ಷ್ಮವಿದೆ: ಆ ಹೊದಿಕೆ ಹೆಚ್ಚಾಗಿ ದುಂಡಗಿರದೆ ಎಂಟು ಮೂಲೆಯದಾಗಿರುತ್ತದೆ. ದುಂಡಗಿದ್ದರೆ ಎಷ್ಟೋ ಕಿರಣಗಳು ತಿರುಳಿನ ಸುತ್ತ ಸುರುಳಿಯಾಗಿ ಸುತ್ತುತ್ತ, ಅದನ್ನು ಒಮ್ಮೆಯೂ ಮುಟ್ಟದೆ ಹೊರಟುಹೋಗುತ್ತವೆ. ಚಪ್ಪಟೆ ಅಂಚುಗಳು ಆ ಸುತ್ತಾಟವನ್ನು ಕೆಡಿಸುತ್ತವೆ. ಗಾಜಿನ ಎಳೆಯಲ್ಲಿ ಲೇಸರ್ ಸಾಧ್ಯವೆಂದು 1961ರಲ್ಲಿಯೇ ಸೂಚಿಸಿದ್ದ ಎಲಿಯಾಸ್ ಸ್ನಿಟ್ಜರ್ ಮತ್ತು ಸಂಗಡಿಗರು ಈ ಜೋಡಿ ಹೊದಿಕೆಯ ಉಪಾಯವನ್ನು ಮುಂದಿಟ್ಟದ್ದು 1988ರಲ್ಲಿ. ಫೈಬರ್ ಲೇಸರ್ ಕಾರ್ಖಾನೆಯ ಯಂತ್ರವಾಗಿ ಬೆಳೆದದ್ದು ಈ ಉಪಾಯದ ಬಲದಿಂದ ಎಂದರೆ ತಪ್ಪಾಗದು.

976 ನ್ಯಾನೋಮೀಟರಿನ ಫೋಟಾನ್ ಒಳಗೆ ಹೋಗಿ 1,070 ನ್ಯಾನೋಮೀಟರಿನ ಫೋಟಾನ್ ಹೊರಗೆ ಬಂದರೆ, ನಡುವಿನ ಶೇಕಡ 9ರಷ್ಟು ಶಕ್ತಿ ಶಾಖವಾಗಿ ಗಾಜಿನಲ್ಲಿ ಉಳಿಯುತ್ತದೆ. 808 ನ್ಯಾನೋಮೀಟರ್ ಬೆಳಕನ್ನು ಕುಡಿದು 1,064 ನ್ಯಾನೋಮೀಟರ್ ಬೆಳಕನ್ನು ಕೊಡುವ ಹಳೆಯ ನಿಯೋಡೈಮಿಯಂ ಹರಳಿನ ಲೇಸರುಗಳಲ್ಲಿ ಇದೇ ನಷ್ಟ ಶೇಕಡ 24. ಒಂದು ಕಿಲೋವ್ಯಾಟಿನ ಫೈಬರ್ ಲೇಸರಿನಲ್ಲಿ ಹೀಗೆ ಉಳಿಯುವ ಶಾಖ ಸುಮಾರು 100 ವ್ಯಾಟ್. ಅದು 20 ಮೀಟರ್ ಉದ್ದದ ಎಳೆಯಲ್ಲಿ ಹಂಚಿಹೋದರೆ ಮೀಟರಿಗೆ ಸರಾಸರಿ 5 ವ್ಯಾಟ್ ಮಾತ್ರ. ಶಾಖವು ತಿರುಳಿನಿಂದ ಹೊರಮೈಗೆ ಬರಲು ದಾಟಬೇಕಾದ ದೂರ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗ. ಇಷ್ಟನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ ತಿರುಳಿಗೂ ಗಾಜಿನ ಹೊರಮೈಗೂ ನಡುವಿನ ಉಷ್ಣತೆಯ ವ್ಯತ್ಯಾಸ ಬರಿಯ ಎರಡು ಡಿಗ್ರಿ ಸೆಲ್ಸಿಯಸ್ ಬರುತ್ತದೆ! ಸಿಲಿಕಾ ಮೆತ್ತಗಾಗಲು 1,600 ಡಿಗ್ರಿಯಾದರೂ ಬೇಕು. ಇನ್ನು ಯಂತ್ರದ ಒಟ್ಟು ಶಾಖದಲ್ಲಿ ಬಹುಪಾಲು ಹುಟ್ಟುವುದು ಎಳೆಯಲ್ಲಲ್ಲ, ವಿದ್ಯುತ್ತನ್ನು ಬೆಳಕಾಗಿಸುವ ಡಯೋಡುಗಳಲ್ಲಿ. ಅವು ಬೇರೆಡೆ, ನೀರು ಹರಿಯುವ ಲೋಹದ ಹಲಗೆಗಳ ಮೇಲೆ ಕುಳಿತಿರುತ್ತವೆ. ಶಾಖವನ್ನು ಕಡಿಮೆ ಮಾಡಿದ್ದರ ಜೊತೆಗೆ ಅದನ್ನು ಆಚೆಗೆ ಸಾಗಹಾಕಿದ್ದೂ ಈ ವಿನ್ಯಾಸದ ಜಾಣತನ.

ಎಳೆಗೆ ಅಪಾಯವೇ ಇಲ್ಲವೆಂದು ಇದರಿಂದ ತಿಳಿಯಬಾರದು. ಗಾಜಿಗಿಂತ ಬಹಳ ಮುಂಚೆ ಕೆಡುವುದು ಹೊರಗಿನ ಲೇಪ; ನೂರು ಡಿಗ್ರಿಯ ಆಸುಪಾಸಿನಲ್ಲಿಯೇ ಅದರ ಬಾಳಿಕೆ ಕುಗ್ಗತೊಡಗುತ್ತದೆ. ಎರಡು ಎಳೆಗಳನ್ನು ಬೆಸೆದ ಜಾಗದಲ್ಲಿ ಒಂದಿಷ್ಟು ಓರೆಯಾಗಿದ್ದರೂ ಬೆಳಕು ಸೋರಿ ಅಲ್ಲಿ ಬಿಸಿಯಾಗುತ್ತದೆ. ಬೆಳಕು ಗಾಳಿಗೆ ಬೀಳುವ ತುದಿಗೆ ದಪ್ಪನೆಯ ಶುದ್ಧ ಸಿಲಿಕಾ ತುಂಡೊಂದನ್ನು ಬೆಸೆದಿರುತ್ತಾರೆ, ಏಕೆಂದರೆ ಕಿರಣ ಅದರೊಳಗೆ ಅಗಲವಾಗಿ ಹರಡಿಕೊಂಡ ಮೇಲೆ ಹೊರಬಿದ್ದರೆ ತುದಿಯ ಮೇಲೆ ಕುಳಿತ ಒಂದು ದೂಳಿನ ಕಣ ಅನಾಹುತ ಮಾಡುವ ಸಂಭವ ಕಡಿಮೆ. ಅನಾಹುತವಾದಾಗ ಅದು ನೋಡುವಂತಿರುತ್ತದೆ: 1980ರ ದಶಕದ ಕೊನೆಯಲ್ಲಿ ಮೊದಲು ಗಮನಕ್ಕೆ ಬಂದ ‘ಫೈಬರ್ ಫ್ಯೂಸ್’ ಎಂಬ ವಿದ್ಯಮಾನದಲ್ಲಿ, ಹಾಳಾದ ಜಾಗದಲ್ಲಿ ಹೊತ್ತಿದ ಪ್ರಖರವಾದ ಚುಕ್ಕೆಯೊಂದು ಸೆಕೆಂಡಿಗೆ ಸುಮಾರು ಒಂದು ಮೀಟರಿನಂತೆ ಬೆಳಕಿನ ಮೂಲದ ಕಡೆಗೆ ನಡೆಯುತ್ತ, ತಿರುಳಿನಲ್ಲಿ ಸಾಲುಸಾಲು ಗುಳ್ಳೆಗಳನ್ನು ಬಿಟ್ಟುಹೋಗುತ್ತದೆ. ಹೀಗೆ ಸುಟ್ಟ ಎಳೆ ಮತ್ತೆ ಕೆಲಸಕ್ಕೆ ಬಾರದು.

ಇವೆಲ್ಲ ಒಳ್ಳೆಯ ತಯಾರಿಕೆಯಿಂದ ತಪ್ಪಿಸಬಹುದಾದ ಕೇಡುಗಳು. ತಪ್ಪಿಸಲಾಗದ ಮಿತಿ ಇರುವುದು ಭೌತಶಾಸ್ತ್ರದಲ್ಲಿಯೇ. ತೀವ್ರತೆ ಒಂದು ಹಂತ ಮೀರಿದರೆ ಬೆಳಕು ಗಾಜಿನ ಕಂಪನಗಳೊಡನೆ ಶಕ್ತಿಯನ್ನು ಹಂಚಿಕೊಳ್ಳತೊಡಗುತ್ತದೆ. 1928ರಲ್ಲಿ ಸಿ.ವಿ. ರಾಮನ್ ಕಂಡುಹಿಡಿದ ಚದರಿಕೆಯು ಇಲ್ಲಿ ಪ್ರಬಲ ರೂಪ ತಾಳಿ ಬೆಳಕನ್ನು ಬೇರೆ ತರಂಗಾಂತರಕ್ಕೆ ಕದ್ದೊಯ್ಯುತ್ತದೆ. ಬ್ರಿಲುವಾನ್ ಚದರಿಕೆ ಎಂಬ ಇನ್ನೊಂದು ಬಗೆ ಅದನ್ನು ಹಿಂದಕ್ಕೇ ತಿರುಗಿಸಿ ಕಳುಹಿಸುತ್ತದೆ. ಎರಡಕ್ಕೂ ಪರಿಹಾರ ತಿರುಳನ್ನು ಅಗಲ ಮಾಡಿ ತೀವ್ರತೆಯನ್ನು ತಗ್ಗಿಸುವುದು. ಆದರೆ ತಿರುಳು ಅಗಲವಾದಂತೆ ಬೆಳಕು ಅದರೊಳಗೆ ಹಲವು ಬಗೆಯ ವಿನ್ಯಾಸಗಳಲ್ಲಿ ಹರಡಿಕೊಳ್ಳಬಲ್ಲದು. ತಜ್ಞರು ಮೋಡ್ ಎನ್ನುವುದು ಈ ವಿನ್ಯಾಸಗಳನ್ನೇ. ನಡುವೆ ಒಂದೇ ಹೊಳಪುಳ್ಳ ಮೂಲ ಮೋಡ್ ಮಾತ್ರ ಚಿಕ್ಕ ಬಿಂದುವಿಗೆ ಚೊಕ್ಕವಾಗಿ ಕೇಂದ್ರೀಕರಿಸಲು ಬರುತ್ತದೆ ಎಂಬುದು ಬಹುಕಾಲ ಎಲ್ಲರೂ ಒಪ್ಪಿದ್ದ ಮಾತು.

2010ರ ಸುಮಾರಿಗೆ ಜರ್ಮನಿಯ ಯೇನಾದ ಸಂಶೋಧಕರು ಗಮನಿಸಿದ ಸಂಗತಿ ಈ ಕ್ಷೇತ್ರದವರ ನಿದ್ದೆ ಕೆಡಿಸಿತು. ಶಕ್ತಿ ಒಂದು ಮಿತಿಯನ್ನು ದಾಟಿದ ಕೂಡಲೇ, ಅಲ್ಲಿಯವರೆಗೆ ನಿಶ್ಚಲವಾಗಿದ್ದ ಸುಂದರ ಕಿರಣ ಸೆಕೆಂಡಿಗೆ ಸಾವಿರಾರು ಬಾರಿ ಆಕಾರ ಬದಲಿಸುತ್ತ ತತ್ತರಿಸತೊಡಗಿತು. ಶಕ್ತಿಯನ್ನು ತುಸು ಇಳಿಸಿದರೆ ಮತ್ತೆ ಶಾಂತ. ಇದಕ್ಕೆ ಅಡ್ಡಮೋಡ್ ಅಸ್ಥಿರತೆ ಎನ್ನಬಹುದು. ಕಾರಣ ಹೀಗಿದೆ: ಮೂಲ ಮೋಡಿನ ಜೊತೆ ಇನ್ನೊಂದು ಮೋಡ್ ಕಿಂಚಿತ್ತು ಬೆರೆತಿದ್ದರೂ ಅವೆರಡರ ವ್ಯತಿಕರಣದಿಂದ ಎಳೆಯ ಉದ್ದಕ್ಕೂ ಬೆಳಕು ಹೆಚ್ಚಿರುವ ಮತ್ತು ಕಡಿಮೆಯಿರುವ ಪಟ್ಟಿಗಳು ಮೂಡುತ್ತವೆ. ಬೆಳಕು ಹೆಚ್ಚಿರುವಲ್ಲಿ ಶಾಖವೂ ಒಂದಿಷ್ಟು ಹೆಚ್ಚು, ಶಾಖ ಹೆಚ್ಚಿರುವಲ್ಲಿ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆಯಾದ ಗಾಜಿನ ವಕ್ರೀಭವನ ಸೂಚ್ಯಂಕವೂ ಒಂದಿಷ್ಟು ಹೆಚ್ಚು. ಒಂದು ಡಿಗ್ರಿಗೆ ಈ ಬದಲಾವಣೆ ಆಗುವುದು ದಶಮಾಂಶದ ಐದನೆಯ ಸ್ಥಾನದಲ್ಲಿ. ಆದರೂ ಮೀಟರುಗಟ್ಟಲೆ ಉದ್ದಕ್ಕೆ ಕ್ರಮವಾಗಿ ಮರುಕಳಿಸುವ ಆ ಪಟ್ಟಿಗಳು ಒಂದು ಮೋಡಿನ ಬೆಳಕನ್ನು ಇನ್ನೊಂದಕ್ಕೆ ದಾಟಿಸಿಬಿಡುತ್ತವೆ. 1,600 ಡಿಗ್ರಿಗೂ ಜಗ್ಗದ ಗಾಜಿನಲ್ಲಿ ಲೇಸರನ್ನು ಕಟ್ಟಿಹಾಕುವುದು ಒಂದು ಡಿಗ್ರಿಯ ಚಿಕ್ಕ ಚೂರಿನಷ್ಟು ಉಷ್ಣತೆಯ ಏರಿಳಿತ ಎನ್ನುವುದು ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಅಚ್ಚರಿಯ ಸಂಗತಿಯಾಗಿ ತೋರುತ್ತದೆ.

ಒಂದು ಎಳೆಗೆ ಮಿತಿಯಿದ್ದರೆ ಹಲವನ್ನು ಬಳಸುವುದು ಮೊದಲ ದಾರಿ. ಯೇನಾದ ತಂಡವೇ 2020ರಲ್ಲಿ 12 ಫೈಬರ್ ವರ್ಧಕಗಳ ಬೆಳಕನ್ನು ಒಂದೇ ಕಿರಣವಾಗಿ ಕೂಡಿಸಿ ಸರಾಸರಿ 10.4 ಕಿಲೋವ್ಯಾಟ್ ಶಕ್ತಿಯನ್ನು ಪಡೆಯಿತು. ಅದೂ ಸತತ ಬೆಳಕಲ್ಲ, ಒಂದೊಂದೂ 254 ಫೆಮ್ಟೋಸೆಕೆಂಡ್ (ಒಂದು ಫೆಮ್ಟೋಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಕೋಟಿ ಕೋಟಿಯ ಒಂದು ಭಾಗ) ಅವಧಿಯ ಮಿಡಿತಗಳು. ಕೂಡಿಸುವುದೆಂದರೆ ಕಿರಣಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಬಿಡುವುದಲ್ಲ. ಹನ್ನೆರಡೂ ಅಲೆಗಳ ಉಬ್ಬು ಉಬ್ಬಿಗೆ, ತಗ್ಗು ತಗ್ಗಿಗೆ ತರಂಗಾಂತರದ ಸಣ್ಣ ಭಾಗದಷ್ಟೂ ತಪ್ಪದಂತೆ ಹೊಂದುತ್ತಲೇ ಇರಬೇಕು, ಎಳೆಯ ಉಷ್ಣತೆ ತುಸು ಬದಲಾದರೂ ತಕ್ಷಣ ಸರಿಪಡಿಸುತ್ತಿರಬೇಕು.

ಎರಡನೆಯ ದಾರಿ ಹಳೆಯ ನಂಬಿಕೆಯನ್ನೇ ತಲೆಕೆಳಗು ಮಾಡುವಂಥದು. ಯೇಲ್ ವಿಶ್ವವಿದ್ಯಾಲಯದ ಹುಯಿ ಕಾವ್, ಡಗ್ಲಸ್ ಸ್ಟೋನ್ ಮತ್ತು ಅವರ ಸಂಗಡಿಗರು 2023ರಲ್ಲಿ ಪ್ರಕಟಿಸಿದ ಕೆಲಸದ ಸಾರ ಇಷ್ಟು: ಎಳೆಯಲ್ಲಿ ಒಂದೇ ಮೋಡನ್ನು ಉಳಿಸಿಕೊಳ್ಳಲು ಹೆಣಗುವ ಬದಲು ಬೇಕೆಂದೇ ಹಲವು ಮೋಡುಗಳನ್ನು ಒಟ್ಟಿಗೆ ಎಬ್ಬಿಸಬೇಕು. ಆಗ ಬೆಳಕಿನ ಹೆಚ್ಚು-ಕಡಿಮೆಗಳು ಬಹಳ ನುಣ್ಣಗಿನ ಚುಕ್ಕೆಗಳಾಗಿ ಹರಡುತ್ತವೆ. ಚುಕ್ಕೆ ಚಿಕ್ಕದಾದಷ್ಟೂ ಅದರ ಶಾಖ ಪಕ್ಕಕ್ಕೆ ಬೇಗ ಹರಿದು ಸಮನಾಗುತ್ತದೆ, ಆದ್ದರಿಂದ ಕಾಟ ಕೊಡುವ ಪಟ್ಟಿಗಳು ಬಲಿಯುವ ಮೊದಲೇ ಅಳಿಸಿಹೋಗುತ್ತವೆ. ಹಾಗಾದರೆ ಕೇಂದ್ರೀಕರಿಸುವ ಬಗೆ ಹೇಗೆ? ಮೋಡುಗಳು ಹಲವಿದ್ದರೂ ಅವುಗಳ ನಡುವಿನ ಹೊಂದಾಣಿಕೆ ನಿಶ್ಚಿತವಾಗಿದ್ದರೆ, ಒಳಹೋಗುವ ಅಲೆಯ ಆಕಾರವನ್ನು ಮುಂಚಿತವಾಗಿ ತಿದ್ದಿ ಹೊರಬರುವಾಗ ಒಂದೇ ಬಿಂದುವಿಗೆ ಸೇರುವಂತೆ ಮಾಡಬಹುದು. ಬ್ರಿಲುವಾನ್ ಚದರಿಕೆಯನ್ನು ತಗ್ಗಿಸಲೂ ಇದೇ ಉಪಾಯ ನೆರವಾಗುತ್ತದೆಂದು ಅದೇ ವರ್ಷ ಪ್ರಯೋಗದಲ್ಲಿ ತೋರಿಸಲಾಗಿದೆ. ಸದ್ಯದ ಕೆಲಸಗಳಲ್ಲಿ ನನ್ನ ಮಟ್ಟಿಗೆ ಹೆಚ್ಚು ಭರವಸೆಯದು ಇದು.

ಹುಟ್ಟಿದ ಬೆಳಕನ್ನು ದೂರಕ್ಕೆ ಸಾಗಿಸಲು ಗಾಜನ್ನೇ ದಾರಿಯಿಂದ ತೆಗೆದುಹಾಕುವ ಟೊಳ್ಳು ತಿರುಳಿನ ಎಳೆಗಳು ಬಂದಿವೆ. ಬೆಳಕು ಗಾಳಿಯಲ್ಲಿಯೇ ಸಾಗುವ ಇಂಥ ಎಳೆಯನ್ನು ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಮಾಡಿ ತೋರಿಸಿದರು. ಈಗಿನವುಗಳಲ್ಲಿ ಟೊಳ್ಳಿನ ಸುತ್ತ ಅತಿ ತೆಳು ಗೋಡೆಯ ಗಾಜಿನ ಕೊಳವೆಗಳಿರುತ್ತವೆ, ಆ ಗೋಡೆಗಳ ದಪ್ಪವನ್ನು ಬೆಳಕು ಒಳಕ್ಕೇ ಮರಳುವಂತೆ ಹೊಂದಿಸಿರುತ್ತಾರೆ. ಸೌತಾಂಪ್ಟನ್ ವಿಶ್ವವಿದ್ಯಾಲಯದ ತಂಡ 2022ರಲ್ಲಿ ಒಂದು ಕಿಲೋವ್ಯಾಟ್ ಲೇಸರ್ ಬೆಳಕನ್ನು ಒಂದು ಕಿಲೋಮೀಟರ್ ದೂರಕ್ಕೆ ಇಂಥ ಎಳೆಯಲ್ಲಿ ಕೆಡದಂತೆ ಸಾಗಿಸಿತು. 2025ರಲ್ಲಿ ಸೌತಾಂಪ್ಟನ್ ಮತ್ತು ಮೈಕ್ರೋಸಾಫ್ಟ್ ಸಂಶೋಧಕರು ಕಿಲೋಮೀಟರಿಗೆ 0.091 ಡೆಸಿಬೆಲ್ ನಷ್ಟದ ಟೊಳ್ಳು ಎಳೆಯನ್ನು ವರದಿ ಮಾಡಿದರು. ಅಂದರೆ ಬೆಳಕು ಅರ್ಧಕ್ಕೆ ಇಳಿಯಲು ಸುಮಾರು 33 ಕಿಲೋಮೀಟರ್ ಸಾಗಬೇಕು. ಅತ್ಯುತ್ತಮ ಗಾಜಿನ ಎಳೆಯಲ್ಲಿ ಈ ದೂರ 21 ಕಿಲೋಮೀಟರಿಗೆ ತುಸು ಹೆಚ್ಚು. ಗಾಳಿಯಲ್ಲಿ ಇಟರ್ಬಿಯಂ ಇಲ್ಲವಾದ್ದರಿಂದ ಈ ಎಳೆಗಳು ತಾವೇ ಲೇಸರಾಗವು, ಬೆಳಕನ್ನು ಸಾಗಿಸುವ ಕೊಳವೆಗಳು ಅಷ್ಟೆ.

ಚಿಕ್ಕದರತ್ತ ಹೊರಟವರೂ ಇದ್ದಾರೆ. ಸ್ವಿಟ್ಜರ್ಲೆಂಡಿನ ಲೋಸಾನಿನಲ್ಲಿರುವ ಇಪಿಎಫ್‌ಎಲ್ ಸಂಸ್ಥೆಯವರು 2022ರಲ್ಲಿ ಸಿಲಿಕಾನ್ ನೈಟ್ರೈಡ್ ಚಿಪ್ಪಿನ ಮೇಲಿನ ಬೆಳಕಿನ ಕಾಲುವೆಗೆ ಇಟರ್ಬಿಯಂನ ಜಾತಿಯದೇ ಆದ ಎರ್ಬಿಯಂ ಅಯಾನುಗಳನ್ನು ಹುಗಿದು 145 ಮಿಲಿವ್ಯಾಟ್ ಕೊಡುವ ವರ್ಧಕವನ್ನು ಮಾಡಿದರು, 2024ರಲ್ಲಿ ಅದೇ ಹಾದಿಯಲ್ಲಿ ಇಡೀ ಲೇಸರನ್ನೇ ಚಿಪ್ಪಿಗೆ ತಂದರು. ಇವು ಉಕ್ಕು ಕತ್ತರಿಸುವುದಕ್ಕಲ್ಲ, ಅಳತೆ ಮತ್ತು ಸಂವಹನದ ಕೆಲಸಕ್ಕೆ.

ಕೊನೆಯದಾಗಿ, ಶಾಖವೇ ಹುಟ್ಟದಂತೆ ಮಾಡುವ ಪ್ರಯತ್ನ. ಇಟರ್ಬಿಯಂಗೆ ಹೊರಗಿನಿಂದ ಉಣಿಸುವ ಪಂಪ್ ಬೆಳಕಿನ ತರಂಗಾಂತರವನ್ನು ಜಾಣತನದಿಂದ ಆರಿಸಿದರೆ ಇಟರ್ಬಿಯಂ ತಾನು ಹೀರಿಕೊಂಡದ್ದಕ್ಕಿಂತ ಹೆಚ್ಚು ಶಕ್ತಿಯ ಫೋಟಾನುಗಳನ್ನು ಹೊರಸೂಸುತ್ತದೆ, ಕೊರತೆಯನ್ನು ಗಾಜಿನ ಶಾಖದಿಂದಲೇ ತುಂಬಿಕೊಳ್ಳುತ್ತದೆ. ಎಂದರೆ ಬೆಳಕು ಬಿದ್ದಷ್ಟೂ ಗಾಜು ತಣ್ಣಗಾಗುತ್ತದೆ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ 1995ರಲ್ಲಿ ಫ್ಲೋರೈಡ್ ಗಾಜಿನಲ್ಲಿ ಇದು ಸಾಧ್ಯವಾಯಿತು, ಸಿಲಿಕಾದಲ್ಲಿ ಸಾಧ್ಯವಾಗಲು 2020 ಬರಬೇಕಾಯಿತು. ಮರುವರ್ಷ ಸ್ಟ್ಯಾನ್‌ಫರ್ಡಿನವರು ಲೇಸರಿನ ಶಾಖವನ್ನು ಈ ತಂಪಿನಿಂದ ಸರಿದೂಗಿಸಿದ ಸಿಲಿಕಾ ಫೈಬರ್ ಲೇಸರನ್ನು ತೋರಿಸಿದರು. ಅದರಿಂದ ಹೊರಬಂದ ಬೆಳಕು ನೂರು ಮಿಲಿವ್ಯಾಟಿನ ಆಸುಪಾಸು. ಅಲ್ಲಿಂದ ಕಿಲೋವ್ಯಾಟಿಗೆ ಹತ್ತು ಸಾವಿರ ಪಟ್ಟು ಅಂತರವಿದೆ. ತಂಪು ಹೆಚ್ಚಿಸಲು ಇಟರ್ಬಿಯಂ ಹೆಚ್ಚಬೇಕು, ಆದರೆ ಸಿಲಿಕಾದಲ್ಲಿ ಅದನ್ನು ಹೆಚ್ಚು ಬೆರೆಸಿದಂತೆ ಅಯಾನುಗಳು ಗುಂಪುಗಟ್ಟಿ ತಮ್ಮ ಶಕ್ತಿಯನ್ನು ಬೆಳಕಾಗಿ ಬಿಡದೆ ಮತ್ತೆ ಶಾಖವಾಗಿಸುತ್ತವೆ. ಅಲ್ಯೂಮಿನಿಯಂನಂಥ ಬೆರಕೆಗಳನ್ನು ಸೇರಿಸಿ ಅವುಗಳನ್ನು ಚದುರಿಸಿಡುವ ಗಾಜಿನ ಪಾಕ ಹುಡುಕುವುದೇ ಈಗ ಆ ತಂಡಗಳ ಮುಖ್ಯ ಕೆಲಸ.