ಹಿಮೋಗ್ಲೋಬಿನ್ 18 ಇದ್ದರೆ ಖುಷಿಪಡಬೇಡಿ

ನಮ್ಮ ಉಡುಪಿ, ಮಂಗಳೂರು ಕಡೆ ಪಾದ ಉರಿ ಎಂದರೆ ಮೊದಲು ಬರುವ ಮಾತು "ಉಷ್ಣ ಆಗಿದೆ, ಎಳನೀರು ಕುಡಿಯಿರಿ." ಬಿಸಿನೀರಲ್ಲಿ ಮಿಂದ ಮೇಲೆ ಮೈಯೆಲ್ಲ ತುರಿಸಿದರೆ ಮಾತು ನಾಗದೋಷಕ್ಕೆ ಹೋಗುತ್ತದೆ. ಆಶ್ಲೇಷಾ ಬಲಿ ಮಾಡಿಸುವವರು ಮಾಡಿಸಲಿ, ಅದು ಅವರ ನಂಬಿಕೆ. ಆದರೆ ಅದಕ್ಕೆ ಮೊದಲು ಒಂದು ಸಿಬಿಸಿ, ಅಂದರೆ ರಕ್ತಕಣ ಎಣಿಸುವ ಪರೀಕ್ಷೆ ಮಾಡಿಸಿ. ಉರಿ, ತುರಿಕೆ ಎರಡೂ ಜೊತೆಗಿದ್ದರೆ ಪಾಲಿಸೈಥೀಮಿಯಾ ವೇರಾ ಎಂಬ, ರಕ್ತದಲ್ಲಿ ಕೆಂಪು ಕಣ ಅತಿಯಾಗುವ ಅಪರೂಪದ ಕಾಯಿಲೆ ಇರಬಹುದು.

ಕೆಂಪು ಕಣ ಎಷ್ಟು ಬೇಕು ಎಂದು ಮೂಳೆಮಜ್ಜೆಗೆ ಹೇಳುವುದು ಕಿಡ್ನಿ, ಒಂದು ಹಾರ್ಮೋನಿನ ಮೂಲಕ. ಅದು ಬಂದಾಗ ಮಾತ್ರ ಜೀವಕೋಶದೊಳಗಿನ ಜಾಕ್2 ಎಂಬ ಪ್ರೋಟೀನು ಕೆಲಸಕ್ಕೆ ಇಳಿಯಬೇಕು. ಅದರ 617ನೇ ಜಾಗದ ಒಂದೇ ಒಂದು ಅಮೈನೊ ಆಮ್ಲ ಬದಲಾದರೆ ಸಾಕು, ಯಾರೂ ಹೇಳದೆಯೇ ಹಗಲೂ ರಾತ್ರಿ ಕೆಲಸ! ಕಾಯಿಲೆಯನ್ನು ಫ್ರಾನ್ಸಿನ ವೈದ್ಯ ವಾಕೆ 1892ರಲ್ಲೇ ವರ್ಣಿಸಿದ್ದರು. ಜಾಕ್2ರ ಈ ತಪ್ಪು ಸಿಕ್ಕಿದ್ದು 2005ರಲ್ಲಿ.

ಗಂಜಿಯ ತಿಳಿ ಸಲೀಸಾಗಿ ಹರಿಯುತ್ತದೆ, ಅನ್ನ ಜಾಸ್ತಿಯಾದರೆ ಸೌಟಿನಿಂದಲೇ ಇಳಿಯುವುದಿಲ್ಲ. ಕಣ ಹೆಚ್ಚಾದ ರಕ್ತವೂ ಹಾಗೆ. ಕಾಲಿನಲ್ಲಿ, ಮಿದುಳಿನಲ್ಲಿ, ಲಿವರಿನ ರಕ್ತನಾಳದಲ್ಲಿ ಹೆಪ್ಪುಗಟ್ಟುತ್ತದೆ. ಕೆಲವರಿಗೆ ಕಾಯಿಲೆ ಗೊತ್ತಾಗುವುದೇ ಸ್ಟ್ರೋಕ್ ಆದ ಮೇಲೆ.

ಕಾಲ್ಬೆರಳಿನ ಕತೆ ಮಾತ್ರ ಬೇರೆ. ಅಲ್ಲಿ ತೊಂದರೆ ಕೊಡುವುದು ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣ. ಈ ಕಾಯಿಲೆಯ ಅನೇಕರಲ್ಲಿ ಅದೂ ಹೆಚ್ಚಿರುತ್ತದೆ, ಅತಿ ಸಣ್ಣ ನಾಳಗಳಲ್ಲಿ ಗುಂಪುಗೂಡುತ್ತದೆ. ಬೆರಳು ಕೆಂಪಾಗಿ ಉರಿಯುತ್ತದೆ, ಬಿಸಿ ತಾಗಿದರೆ ಇನ್ನೂ ಜಾಸ್ತಿ, ತಣ್ಣೀರಲ್ಲಿಟ್ಟರೆ ಹಾಯೆನಿಸುತ್ತದೆ. ಉಷ್ಣ ಎಂದು ಜನ ನಂಬುವುದು ಇದರಿಂದಲೇ ಅಲ್ವಾ? ದೊಡ್ಡ ನಾಳ ಸರಿಯಾಗಿಯೇ ಇರುವುದರಿಂದ ಪಾದದ ನಾಡಿಯೂ ಚೆನ್ನಾಗಿ ಸಿಗುತ್ತದೆ. ಸಣ್ಣ ಡೋಸಿನ ಆಸ್ಪಿರಿನ್ ಈ ಗುಂಪುಗೂಡುವಿಕೆಯನ್ನೇ ತಡೆಯುತ್ತದೆ, ಕೆಲವೇ ದಿನಗಳಲ್ಲಿ ಉರಿ ಇಳಿಯುತ್ತದೆ. ಹಾಗಂತ ಸುಮ್ನೆ ಅಂಗಡಿಯಿಂದ ತಂದು ನುಂಗಬೇಡಿ. ಪ್ಲೇಟ್‌ಲೆಟ್ ವಿಪರೀತ ಏರಿದ್ದರೆ ಇದೇ ಮಾತ್ರೆಯಿಂದ ರಕ್ತಸ್ರಾವ ಆಗಬಹುದು.

ರಿಪೋರ್ಟಿನಲ್ಲಿ ಕೆಂಪು ಕಣದೊಳಗಿನ ಹಿಮೋಗ್ಲೋಬಿನ್ 18 ಕಂಡರೆ "ರಕ್ತ ಒಳ್ಳೆಯದಿದೆ" ಎನ್ನುತ್ತಾರೆ. ಇದು ನನಗೆ ನಿಜವಾಗಿ ಆತಂಕದ ಮಾತು. ಗಂಡಸರಲ್ಲಿ 16.5, ಹೆಂಗಸರಲ್ಲಿ 16 ದಾಟಿದರೆ ಕಾರಣ ಹುಡುಕಬೇಕು. ಲಡಾಖಿನಂಥ ಎತ್ತರದಲ್ಲಿ ಅದು ಸಹಜವಾಗಿಯೇ ಏರುತ್ತದೆ. ನಾವಿರುವುದು ಸಮುದ್ರದ ಮಟ್ಟದಲ್ಲಿ. ಬೀಡಿ, ಸಿಗರೇಟಿನಿಂದಲೂ ಏರುತ್ತದೆ, ಆದ್ದರಿಂದ ಡಾಕ್ಟರ್ ಕೇಳಿದಾಗ ಅದನ್ನು ಮುಚ್ಚಿಡಬೇಡಿ. ಜಾಕ್2 ಪರೀಕ್ಷೆ ಆಮೇಲಿನದು. ಕಾಯಿಲೆ ಖಚಿತವಾದರೆ ಆಗಾಗ ಒಂದಿಷ್ಟು ರಕ್ತ ತೆಗೆದು, ಮೈಯಲ್ಲಿ ಉಳಿದ ರಕ್ತದಲ್ಲಿ ಕೆಂಪು ಕಣದ ಪಾಲು 45 ಶೇಕಡಾಕ್ಕಿಂತ ಕೆಳಗಿರುವಂತೆ ನೋಡಿಕೊಳ್ಳುತ್ತಾರೆ.