ಕೆರೆಯ ತಳದ ಮೇಲೆ ನಿಂತ ಪೇಟೆ: ಊಟಿಯ ವಿಹಾರಕ್ಕೆ ಇನ್ನೂರು ವರ್ಷ

ಮೈಸೂರಿನ ಕಡೆಯಿಂದ ಗುಂಡ್ಲುಪೇಟೆ, ಬಂಡೀಪುರ, ಮುದುಮಲೆ ದಾಟಿ ಊಟಿಗೆ ಹೊರಡುವವರು ಈಗ ಬಟ್ಟೆಬರೆ ತುಂಬುವ ಮೊದಲು ಮೊಬೈಲಿನಲ್ಲಿ ಇ-ಪಾಸ್ ತೆಗೆದಿಟ್ಟುಕೊಳ್ಳಬೇಕು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಮೊದಲು ಮಿತಿಯೆಂಬುದೇನೂ ಇರಲಿಲ್ಲ. ಕೇಳಿದವರಿಗೆಲ್ಲ ಪಾಸ್ ಸಿಗುತ್ತಿತ್ತು, ಎಷ್ಟು ವಾಹನಗಳು ಬೆಟ್ಟ ಹತ್ತುತ್ತವೆ ಎಂಬ ಲೆಕ್ಕ ತಿಳಿದರೆ ಸಾಕಾಗಿತ್ತು. 2025ರ ಏಪ್ರಿಲ್‌ನಿಂದ ಜೂನ್‌ವರೆಗಿನ ಸೀಸನ್ನಿಗೆ ಮಾತ್ರ ನ್ಯಾಯಾಲಯವು ನೀಲಗಿರಿ ಜಿಲ್ಲೆಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ಪ್ರವಾಸಿ ವಾಹನಗಳೆಂದು ಗೆರೆ ಎಳೆಯಿತು. ಸ್ಥಳೀಯರ ವಾಹನ, ಸರ್ಕಾರಿ ಬಸ್ಸು, ಅಗತ್ಯ ವಸ್ತು ಮತ್ತು ಬೆಳೆ ಸಾಗಿಸುವ ಲಾರಿಗಳಿಗೆ ವಿನಾಯಿತಿ ದೊರೆಯಿತು. ಏಪ್ರಿಲ್ ಆರಂಭದಲ್ಲಿ ವರ್ತಕರು ಅಂಗಡಿ ಮುಚ್ಚಿ ಪ್ರತಿಭಟಿಸಿದರು. ಅಲ್ಲಿಂದೀಚೆಗೆ ಇ-ಪಾಸ್, ರೇಸ್‌ಕೋರ್ಸಿನ ಜಾಗ, ಕೆರೆಗೆ ಸೇರುವ ಕೊಳಚೆ, ಗುಡ್ಡದ ಮೇಲಿನ ಕಟ್ಟಡಗಳು, ಇವೆಲ್ಲ ಒಂದೇ ಚರ್ಚೆಯಲ್ಲಿ ಕಲಸಿಹೋಗಿ, ಯಾವುದು ಎಲ್ಲಿಂದ ಶುರುವಾಯಿತು ಎಂಬುದೇ ತಿಳಿಯದಂತಾಗಿದೆ. ಬಂಡೀಪುರದ ರಾತ್ರಿ ಸಂಚಾರ ನಿರ್ಬಂಧವನ್ನೂ ಕೆಲವರು ಇದರೊಳಗೆ ಸೇರಿಸುತ್ತಾರೆ. ಅದು 2009ರಿಂದ ಕಾಡುಪ್ರಾಣಿಗಳ ಸಲುವಾಗಿ ಇರುವ ಬೇರೆಯದೇ ನಿಯಮ, ಇಲ್ಲಿ ಅದನ್ನು ಬದಿಗಿಡಬಹುದು.

ಗಂಟು ಬಿಡಿಸಲು ಕೆರೆಯಿಂದಲೇ ಆರಂಭಿಸುವುದು ಒಳ್ಳೆಯದು, ಏಕೆಂದರೆ ಊಟಿಯ ಕೆರೆ ನಿಸರ್ಗ ಕೊಟ್ಟದ್ದಲ್ಲ. ಅದನ್ನು ಕಟ್ಟುವ ಮೊದಲು ಅಲ್ಲಿದ್ದುದು ಹುಲ್ಲುಗಾವಲ ನಡುವಿನ ಕಣಿವೆ, ಅದರೊಳಗೆ ಹರಿಯುವ ತೊರೆಗಳು, ಸುತ್ತ ಬೆಟ್ಟದ ಮೂಲನಿವಾಸಿ ಪಶುಪಾಲಕರಾದ ತೋಡರ ಎಮ್ಮೆಗಳು. ಊರಿನ ಹಳೆಯ ಹೆಸರಾದ ‘ಊಟಕಮಂಡ್’ನ ಕೊನೆಯಲ್ಲಿರುವ ‘ಮಂಡ್’ ಅಥವಾ ‘ಮಂದು’ ಎಂದರೆ ತೋಡರ ನೆಲೆ. ಕನ್ನಡದ ‘ಮಂದೆ’ಯ ಬಳಗಕ್ಕೇ ಸೇರಿದ ಈ ಮಾತನ್ನು ನಾವು ‘ಉದಕಮಂಡಲ’ ಎಂದು ತಿದ್ದಿ, ಎಮ್ಮೆಯ ಮಂದೆಯನ್ನು ಮರೆಸಿ ನೀರಿನ ಮಂಡಲವನ್ನಾಗಿಸಿದ್ದೇವೆ. ಸುತ್ತಲ ಹಟ್ಟಿಗಳಲ್ಲಿ ಬೇಸಾಯ ಮಾಡಿಕೊಂಡಿದ್ದವರು ಬಡಗರು. ಬಡಗಣದಿಂದ, ಅಂದರೆ ಮೈಸೂರು ಸೀಮೆಯ ಕಡೆಯಿಂದ ಬೆಟ್ಟ ಹತ್ತಿದವರು ಎಂಬ ಅರ್ಥವನ್ನು ಅವರ ಹೆಸರೇ ಹೇಳುತ್ತದೆ, ಅವರ ಮಾತು ಕನ್ನಡದ ಕಿವಿಗೆ ಅರ್ಧ ತಿಳಿಯುತ್ತದೆ.

ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲಿವನ್ 1819ರಲ್ಲಿ ಬೆಟ್ಟಕ್ಕೆ ಬಂದು, ಕೆಲವೇ ವರ್ಷಗಳಲ್ಲಿ ಅಲ್ಲೊಂದು ಕಲ್ಲುಮನೆ ಕಟ್ಟಿಸಿದರು. ತೊರೆಗಳಿಗೆ ಒಡ್ಡು ಹಾಕಿಸಿ ಕೆರೆ ಮಾಡಿಸಿದ್ದು 1823ರಿಂದ 1825ರ ಅವಧಿಯಲ್ಲಿ. ಹವೆ ಬದಲಾವಣೆಗೆಂದು ಬರುವ ಬಿಳಿಯರಿಗೆ ದೋಣಿವಿಹಾರವೂ ಮೀನುಗಾರಿಕೆಯೂ ದೊರೆತವು. ಮಂಡ್‌ಗಳ ಜಾಗ ಅತಿ ಅಗ್ಗದ ಬೆಲೆಗೆ ಕೈಬದಲಾಯಿತು. ಆದರೂ ಆ ನೆಲ ತೋಡರ ಸ್ವತ್ತೆಂದು ಸರ್ಕಾರದೆದುರು ವಾದಿಸಿದವರಲ್ಲಿ ಸಲಿವನ್ ಕೂಡ ಇದ್ದರೆಂಬುದನ್ನು ಹೇಳದೆ ಬಿಡುವುದು ನ್ಯಾಯವಲ್ಲ. ವಾದ ಗೆಲ್ಲಲಿಲ್ಲ.

ಮುಂದಿನ ನೂರು ವರ್ಷವನ್ನು ಬೇಗ ದಾಟಬಹುದು: ನೀಲಗಿರಿ ಮರ ಮತ್ತು ವ್ಯಾಟಲ್ ಎಂಬ ಇನ್ನೊಂದು ಹೊರನಾಡಿನ ಮರ ಬಂದವು, 1840ರ ದಶಕದ ಕೊನೆಯಲ್ಲಿ ಸಸ್ಯೋದ್ಯಾನ ರೂಪುಗೊಂಡಿತು, ಊರು ಮದ್ರಾಸ್ ಸರ್ಕಾರದ ಬೇಸಿಗೆಯ ಠಾಣೆಯಾಯಿತು, ಮೈಸೂರಿನ ಅರಸರು ಫರ್ನ್‌ಹಿಲ್ ಬಂಗಲೆ ಕೊಂಡರು, 1896ರಲ್ಲಿ ಹೂವಿನ ಪ್ರದರ್ಶನ ಆರಂಭವಾಯಿತು, ರೈಲು 1899ರಲ್ಲಿ ಕೂನೂರಿಗೂ 1908ರಲ್ಲಿ ಊಟಿಗೂ ಏರಿತು.

ಈ ಅವಧಿಯಲ್ಲಿ ಕೆರೆಗೆ ಏನಾಯಿತು ಎಂಬುದು ಮಾತ್ರ ಗಮನ ಕೇಳುತ್ತದೆ. ಮೂಲದಲ್ಲಿ ಅದು ಈಗಿನ ಮಾರುಕಟ್ಟೆಯ ಕಡೆಯವರೆಗೆ ಚಾಚಿಕೊಂಡಿತ್ತು. ಮೇಲಿನ ತುದಿಯಲ್ಲಿ ಹೂಳು ತುಂಬಿದಂತೆ ಆ ಭಾಗವನ್ನು ಏರಿಯಿಂದ ಬೇರ್ಪಡಿಸಲಾಯಿತು, ಬೇರ್ಪಟ್ಟ ಜೌಗನ್ನು ಒಣಗಿಸಿ ಮೈದಾನ ಮಾಡಲಾಯಿತು. ರೇಸ್‌ಕೋರ್ಸ್ ನಿಂತದ್ದು ಆ ನೆಲದಲ್ಲಿ, ಬಸ್ ನಿಲ್ದಾಣ ಬಂದದ್ದೂ ಹಳೆಯ ಕೆರೆಯ ತಳದಲ್ಲೇ. ಅಂದರೆ ಒಂದು ವಿನೋದಕ್ಕೆಂದು ಹುಲ್ಲುಗಾವಲು ನೀರಿನಡಿ ಹೋಯಿತು, ಇನ್ನೊಂದು ವಿನೋದಕ್ಕೆಂದು ನೀರು ಮತ್ತೆ ಹುಲ್ಲಾಯಿತು, ಎರಡು ಸಲವೂ ಮೊದಲಿನವರು ಬದಿಗೆ ಸರಿದರು. ಜೋರು ಮಳೆ ಸುರಿದಾಗ ಬಸ್ ನಿಲ್ದಾಣದ ಆಸುಪಾಸಿನ ತಗ್ಗಿನಲ್ಲಿ ನೀರು ನಿಲ್ಲುವುದನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅದರಲ್ಲಿ ಆಶ್ಚರ್ಯಕ್ಕೆ ಕಾರಣವಿಲ್ಲ. ಈಗ ಉಳಿದಿರುವ ಕೆರೆ ಸುಮಾರು 65 ಎಕರೆ.

ಊರಿನಾಚೆಯ ಬಯಲಿನಲ್ಲಿ ನಡೆದ ಆಟಗಳಿಗೂ ಇಂಥದೇ ಕಥೆಯಿದೆ. ವೆನ್‌ಲಾಕ್ ಡೌನ್ಸ್ ಎಂದು ಹೆಸರಾದ ಹುಲ್ಲುಗುಡ್ಡಗಳಲ್ಲಿ ಇಂಗ್ಲಿಷರು ಕುದುರೆಯೇರಿ, ನಾಯಿಗಳ ಹಿಂಡು ಬಿಟ್ಟು ನರಿ ಬೇಟೆಯಾಡುತ್ತಿದ್ದರು. ತಾಯ್ನಾಡಿನ ಬೇಟೆಯ ರೂಢಿಗೆ ಈ ಮರವಿಲ್ಲದ ಬೋಳು ಗುಡ್ಡಗಳು ಹೇಳಿ ಮಾಡಿಸಿದಂತಿದ್ದವು. ಸ್ವಾತಂತ್ರ್ಯಾನಂತರ ಆ ಗುಡ್ಡಗಳ ಒಂದಂಚಿನಲ್ಲಿ ಫೋಟೊ ಫಿಲ್ಮ್ ಕಾರ್ಖಾನೆ ಬಂತು, ಇನ್ನೊಂದೆಡೆ ಗಾಲ್ಫ್ ಮೈದಾನ ಉಳಿಯಿತು, ಒಂಬತ್ತನೇ ಮೈಲಿಯ ದಿಬ್ಬಕ್ಕೆ ಸಿನಿಮಾದವರು ಬಂದರು. ಇಂದು ಜನ ಆ ದಿಬ್ಬ ಹತ್ತಿ ಫೋಟೊ ತೆಗೆಸಿಕೊಳ್ಳುವುದು ಹುಲ್ಲಿನ ಚೆಲುವಿಗಲ್ಲ, ಹಾಡಿನ ನೆನಪಿಗೆ.

ಕರ್ನಾಟಕದವರಿಗೆ ಚೆನ್ನಾಗಿ ಗೊತ್ತಿರುವ ಊಟಿ ಹುಟ್ಟಿದ್ದು 1970ರ ದಶಕದಿಂದ ಈಚೆಗೆ, ಈಗಿನ ಬಿಕ್ಕಟ್ಟಿನ ಬೀಜವೂ ಅಲ್ಲಿಯದೇ. 1973ರಲ್ಲಿ ತಮಿಳುನಾಡು ಪ್ರವಾಸೋದ್ಯಮ ಇಲಾಖೆಯ ಬೋಟ್ ಹೌಸ್ ಆರಂಭವಾದ ಮೇಲೆ, ಅದುವರೆಗೆ ಕ್ಲಬ್ಬು ಮತ್ತು ಬಂಗಲೆಗಳವರ ಸೊತ್ತಾಗಿದ್ದ ವಿಹಾರ ಟಿಕೆಟು ಕೊಂಡ ಯಾರಿಗೂ ದಕ್ಕತೊಡಗಿತು. ಇದನ್ನು ಕೇಡೆಂದು ಬರೆಯುವುದು ಸುಲಭ, ಆದರೆ ಸರಿಯಲ್ಲ. ತಲೆಮಾರುಗಳ ಕಾಲ ಮಳೆ ಕಾಯುತ್ತ ಬಯಲುಸೀಮೆಯಲ್ಲೇ ಇದ್ದವರು, ಚಾಮರಾಜನಗರದ ಶಾಲೆಯ ಮಕ್ಕಳು, ಮದುವೆಯಾದ ಹೊಸತರಲ್ಲಿ ಬಸ್ಸು ಹತ್ತಿದ ಗುಮಾಸ್ತರು, ಇವರೆಲ್ಲ ಪೆಡಲ್ ದೋಣಿ ತುಳಿದು, ಕೆರೆದಂಡೆಯ ಕುದುರೆಯ ಮೇಲೆ ಒಂದು ಸುತ್ತು ಹಾಕಿ, ನೀಲಗಿರಿ ಎಣ್ಣೆಯ ಸೀಸೆಯನ್ನೂ ವರ್ಕಿ ಎಂಬ ಗರಿಗರಿ ಬಿಸ್ಕತ್ತಿನ ಪೊಟ್ಟಣವನ್ನೂ ಕೊಂಡು ಮರಳಿದರು. ಅರಸರ ಮತ್ತು ಸಾಹೇಬರ ಬೇಸಿಗೆ ಸಾಮಾನ್ಯರ ಎರಡು ದಿನದ ಪ್ರವಾಸವಾಗಿ ಬದಲಾದದ್ದು ಸಣ್ಣ ಸಂಗತಿಯಲ್ಲ. ದೋಣಿಗೆ ಹುಟ್ಟು ಹಾಕುವವರು, ಕುದುರೆ ಹಿಡಿಯುವವರು, ಚಾಕೊಲೇಟು ಮಾಡುವವರು, ಲಾಡ್ಜಿನ ಹಾಸಿಗೆ ಮಡಿಸುವವರು ಹೀಗೆ ಒಂದು ಊರೇ ಇದರ ಮೇಲೆ ನಿಂತಿತು.

ತೊಂದರೆ ಬೇರೆ ಕಡೆ ಇತ್ತು. ಬರುವವರು ಬೆಳೆದಷ್ಟು ವೇಗವಾಗಿ ಊರಿನ ಚರಂಡಿ ಬೆಳೆಯಲಿಲ್ಲ. ಲಾಡ್ಜು, ಮನೆ, ಪೇಟೆಗಳ ಬಳಸಿದ ನೀರು ಕೋಡಪ್ಪಮಂಡ್ ಕಾಲುವೆ ಹಿಡಿದು ನೇರವಾಗಿ ಕೆರೆಗೆ ಸೇರುತ್ತ ಬಂತು. ಆ ಕಾಲುವೆಯ ಹೆಸರಿನಲ್ಲೂ ಒಂದು ತೋಡ ನೆಲೆ ಉಳಿದುಕೊಂಡಿದೆ ಎಂಬುದು ಕಹಿಯಾದ ಸಂಗತಿ. ಊಟಿಯ ಕಾಂದಲ್ ಬಡಾವಣೆಯಲ್ಲಿ ಕೊಳಚೆ ಶುದ್ಧೀಕರಣ ಘಟಕ ಬಂದಿದೆ, ಹೂಳೆತ್ತುವ ಮತ್ತು ಕಳೆ ತೆಗೆಯುವ ಕೆಲಸಗಳು ಮತ್ತೆಮತ್ತೆ ನಡೆದಿವೆ. ಆದರೆ ಕಾಲುವೆಗೆ ಕೊಳಚೆ ಬೀಳುವುದನ್ನು ನಿಲ್ಲಿಸದೆ ಕೆರೆಯ ಹೂಳೆತ್ತುವುದು ತೂತು ಮುಚ್ಚದೆ ದೋಣಿಯ ನೀರು ಮೊಗೆದಂತೆ. ಪೋಷಕಾಂಶ ತುಂಬಿದ ನೀರಿನಲ್ಲಿ ಅಂತರಗಂಗೆ ಹಬ್ಬುತ್ತದೆ, ಅದು ಸತ್ತು ಕೊಳೆತು ತಳಕ್ಕಿಳಿಯುತ್ತದೆ, ಕೆರೆ ಇನ್ನಷ್ಟು ಆಳ ಕಳೆದುಕೊಳ್ಳುತ್ತದೆ.

ನಿಯಮಗಳೇ ಇರಲಿಲ್ಲ ಎನ್ನಲಾಗದು. 1986ರಲ್ಲಿ ನೀಲಗಿರಿ ಜೀವಗೋಳ ಮೀಸಲು ಪ್ರದೇಶ ಘೋಷಣೆಯಾಯಿತು, 1993ರಲ್ಲಿ ಊಟಿಗೆ ಮಾಸ್ಟರ್ ಪ್ಲಾನ್ ಬಂತು, ಕಟ್ಟಡಗಳ ಎತ್ತರಕ್ಕೆ ಮಿತಿ ಹಾಕಲಾಯಿತು. 2009ರ ನವೆಂಬರಿನ ಭೂಕುಸಿತಗಳಲ್ಲಿ ಜಿಲ್ಲೆಯಲ್ಲಿ 40ಕ್ಕೂ ಹೆಚ್ಚು ಜನ ಸತ್ತಾಗ, ಇಳಿಜಾರನ್ನು ಕಡಿದು ಕಟ್ಟುವುದರ ಅಪಾಯ ಎಲ್ಲರ ಬಾಯಲ್ಲೂ ಬಂತು. ಆದರೆ ಇಳಿಜಾರಿನ ಕಟ್ಟಡವನ್ನು ಎಣಿಸಲು ಒಬ್ಬೊಬ್ಬರ ಅಂಗಳಕ್ಕೆ ಹೋಗಬೇಕು, ಕಾರು ಎಣಿಸಲು ಚೆಕ್‌ಪೋಸ್ಟಿನಲ್ಲಿ ನಿಂತರೆ ಸಾಕು. ಇ-ಪಾಸ್ ಇಷ್ಟು ಬೇಗ ಜಾರಿಯಾದದ್ದರ ಹಿಂದೆ ಈ ಅನುಕೂಲವೂ ಇರಬಹುದೆಂದು ತೋರುತ್ತದೆ.

ಹಾಗೆಂದು ಪಾಸನ್ನು ತಳ್ಳಿಹಾಕಲಾಗದು. ಮೇ ತಿಂಗಳ ಭಾನುವಾರ ಕಿರಿದಾದ ಘಾಟಿಯಲ್ಲಿ ಬಂಪರಿಗೆ ಬಂಪರು ತಾಗಿಸಿ ನಿಲ್ಲುವ ಸಾಲನ್ನು ಒಮ್ಮೆ ನೋಡಿದವರು, ಆಂಬುಲೆನ್ಸಿನವರ ಪಾಡು ನೆನೆದವರು ಅದನ್ನು ವಿರೋಧಿಸುವುದು ಕಷ್ಟ. ಬೆಟ್ಟ ಎಷ್ಟು ವಾಹನ ತಾಳಬಲ್ಲದೆಂದು ತಿಳಿಯುವ ಅಧ್ಯಯನವನ್ನು ಮದ್ರಾಸ್ ಐಐಟಿ ಮತ್ತು ಬೆಂಗಳೂರಿನ ಐಐಎಂಗೆ ಒಪ್ಪಿಸಲಾಯಿತು. ವಾಹನದ ಲೆಕ್ಕದಿಂದ ರಸ್ತೆಗೆ ಬಿಡುವು ಸಿಕ್ಕೀತು. ಕೋಡಪ್ಪಮಂಡ್ ಕಾಲುವೆಗೆ ಹರಿಯುವುದು ಮಾತ್ರ ಊರೊಳಗೆ ಎಷ್ಟು ಕೋಣೆ, ಎಷ್ಟು ನಲ್ಲಿ ಎಂಬುದನ್ನೇ ಅವಲಂಬಿಸಿರುತ್ತದೆ.

ಇದೇ ಹೊತ್ತಿಗೆ, 2024ರ ಜೂನ್‌ನಲ್ಲಿ, ಗುತ್ತಿಗೆ ಬಾಕಿಯ ದೀರ್ಘ ವ್ಯಾಜ್ಯದ ನಂತರ ರೇಸ್‌ಕೋರ್ಸಿನ 50ಕ್ಕೂ ಹೆಚ್ಚು ಎಕರೆಯನ್ನು ಸರ್ಕಾರ ವಶಕ್ಕೆ ಪಡೆದು ತೋಟಗಾರಿಕೆ ಇಲಾಖೆಗೆ ವಹಿಸಿತು. ಅಲ್ಲಿ ಉದ್ಯಾನ ಮಾಡುವ ಯೋಜನೆಯನ್ನು ಪ್ರಕಟಿಸಲಾಯಿತು. ಕುದುರೆ ಓಟದ ಅಭಿಮಾನಿಗಳಿಗೆ ಇದು ಊರಿನ ಸಂಸ್ಕೃತಿಯ ನಷ್ಟ, ಬೇರೆಯವರಿಗೆ ಸಾರ್ವಜನಿಕರಿಗೆ ಮರಳಿದ ಜಾಗ. ಅದು ಒಂದು ಕಾಲಕ್ಕೆ ಕೆರೆಯಾಗಿತ್ತು, ಅದಕ್ಕೂ ಮೊದಲು ಮೇವಿನ ನೆಲವಾಗಿತ್ತು ಎಂಬುದು ಎರಡೂ ಕಡೆಯ ವಾದದಲ್ಲಿ ಹೆಚ್ಚಾಗಿ ಕಾಣುವುದಿಲ್ಲ.

ಸ್ಥಳೀಯ ಸಂಸ್ಕೃತಿ ಎಂಬ ಮಾತು ಈ ಚರ್ಚೆಯಲ್ಲಿ ಪದೇ ಪದೇ ಬರುತ್ತದೆ, ಆದರೆ ಪ್ರವಾಸಿಗೆ ಅದು ಕಾಣುವುದು ತುಣುಕಾಗಿ: ಸಸ್ಯೋದ್ಯಾನದ ಮೇಲ್ಭಾಗದಲ್ಲಿ ಉಳಿದ ತೋಡ ಮಂಡ್ ಒಂದನ್ನು ಇಣುಕಿ ನೋಡುವುದು, 2013ರಲ್ಲಿ ಭೌಗೋಳಿಕ ಗುರುತು ಪಡೆದ ಕೆಂಪು ಕಪ್ಪು ಕಸೂತಿಯ ಶಾಲು ಕೊಳ್ಳುವುದು, ಬೇಸಿಗೆ ಉತ್ಸವದ ವೇದಿಕೆಯಲ್ಲಿ ಬಡಗರ ಕುಣಿತ ನೋಡುವುದು. ಬೆಟ್ಟದವರ ಸ್ವಂತ ಪಂಚಾಂಗ ಸೀಸನ್ನಿಗೆ ತಿರುಗಾಮುರುಗಾ ನಡೆಯುತ್ತದೆ. ತೋಡರ ಮೊದ್ವೆತ್ ಹಬ್ಬವೂ ಬಡಗರ ಹೆತ್ತೆ ಹಬ್ಬವೂ ಬರುವುದು ಡಿಸೆಂಬರ್ ಜನವರಿಯಲ್ಲಿ, ಹುಲ್ಲಿನ ಮೇಲೆ ಮಂಜು ಗಟ್ಟಿಯಾಗುವ ದಿನಗಳಲ್ಲಿ. ಆಗ ಮುತ್ತನಾಡ್ ಮಂಡ್‌ನ ಗುಡಿಯೆದುರು ತೋಡ ಗಂಡಸರು ಸೇರುತ್ತಾರೆ, ಕೋತಗಿರಿ ಬಳಿಯ ಬೇರಗಣ್ಣಿಗೆ ಬಡಗರು ಬಿಳಿಯುಡುಪಿನಲ್ಲಿ ಹಟ್ಟಿಹಟ್ಟಿಗಳಿಂದ ಹೊರಡುತ್ತಾರೆ. 2025ರಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಎಂದು ಬರೆದ ಮಿತಿ ಆ ತಿಂಗಳುಗಳಿಗೆ ತಾಗಲಿಲ್ಲ, ಅವರ ವಾಹನಗಳಿಗೆ ಪಾಸೂ ಬೇಕಿಲ್ಲ.