ಪಾಸ್‌ಪೋರ್ಟ್ ಮೇಟಗಳ್ಳಿಗೆ ಬಂತು, ವೀಸಾಕ್ಕೆ ಮಾತ್ರ ಚೆನ್ನೈ ರೈಲು

2017ರ ಜನವರಿ 25ರಂದು ಮೈಸೂರಿನ ಅಂಚೆ ಕಚೇರಿಯೊಂದು ಪಾಸ್‌ಪೋರ್ಟ್ ಕಚೇರಿಯೂ ಆಯಿತು. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆಯನ್ನು ಮೊದಲು ಪ್ರಯೋಗ ಮಾಡಿ ನೋಡಿದ್ದು ಎರಡೇ ಊರುಗಳಲ್ಲಿ. ಒಂದು ಗುಜರಾತಿನ ದಾಹೋದ್, ಇನ್ನೊಂದು ನಮ್ಮ ಮೈಸೂರು. ಅದಕ್ಕೆ ಮೊದಲು ಫೋಟೊ, ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗುತ್ತಿದ್ದವರು ಈಗ ಕೆಆರ್‌ಎಸ್ ರಸ್ತೆಯ ಮೇಟಗಳ್ಳಿಯಲ್ಲಿ ಕೆಲಸ ಮುಗಿಸಿ ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಾರೆ.

ಅದೇ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾ ಬೇಕು ಅಂದರೆ? ಮೈಸೂರಿನವರಾಗಲಿ ಮಂಡ್ಯದವರಾಗಲಿ, ರಾತ್ರಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಬೇಕು. ಕರ್ನಾಟಕ ಇರುವುದು ಅಮೆರಿಕದ ಚೆನ್ನೈ ಕಾನ್ಸುಲೇಟಿನ, ಅಂದರೆ ವೀಸಾ ಕೊಡುವ ಕಚೇರಿಯ, ವ್ಯಾಪ್ತಿಯಲ್ಲಿ. ಒಂದು ದಿನ ಫೋಟೊ, ಬೆರಳಚ್ಚಿನ ಬಯೋಮೆಟ್ರಿಕ್, ಇನ್ನೊಂದು ದಿನ ಸಂದರ್ಶನ, ನಡುವೆ ಒಂದು ರಾತ್ರಿ ಲಾಡ್ಜು. 2022ರ ನವೆಂಬರ್‌ನಲ್ಲಿ ಮೈಸೂರಿಗೆ ವಂದೇ ಭಾರತ್ ರೈಲು ಬಂದ ಮೇಲೆ ಹೋಗಿ ಬರುವುದು ಬೇಗ ಆಗಿದೆ. ಹೋಗುವುದು ಮಾತ್ರ ತಪ್ಪಿಲ್ಲ.

ಪಾಸ್‌ಪೋರ್ಟ್ ಹತ್ತಿರ ಬಂತು, ವೀಸಾ ದೂರ ಉಳಿಯಿತು. ಪಾಸ್‌ಪೋರ್ಟ್ ಕೊಡುವುದು ನಮ್ಮ ಸರ್ಕಾರ. ಜನ ಕೇಳಿದರೆ, ಕೋರ್ಟು ಹೇಳಿದರೆ ಅದು ಬದಲಾಗಲೇಬೇಕು. ವೀಸಾ ಕೊಡುವುದು ಇನ್ನೊಬ್ಬರ ಸರ್ಕಾರ. ಅದಕ್ಕೆ ನಮ್ಮ ಓಟೂ ಬೇಕಿಲ್ಲ, ನಮ್ಮ ಕೋರ್ಟಿನ ಭಯವೂ ಇಲ್ಲ. ಆದರೆ ಒಂದು ಕಾಲದಲ್ಲಿ ವಿದೇಶಕ್ಕೆ ಹೊರಟವರಿಗೆ ಅಡ್ಡ ನಿಲ್ಲುತ್ತಿದ್ದದ್ದು ನಮ್ಮ ಸರ್ಕಾರವೇ.

ಅಡ್ಡ ನಿಂತವರು ಯಾರು?

ಮೊದಲ ಮಹಾಯುದ್ಧಕ್ಕೆ ಮುಂಚೆ ಬಹಳಷ್ಟು ದೇಶಗಳ ಗಡಿಯಲ್ಲಿ ಇಷ್ಟೊಂದು ಕಾಗದ ಕೇಳುತ್ತಿರಲಿಲ್ಲ. ಪಾಸ್‌ಪೋರ್ಟ್ ಪುಸ್ತಕ ಎಲ್ಲ ದೇಶಗಳಲ್ಲೂ ಹೆಚ್ಚುಕಡಿಮೆ ಒಂದೇ ಥರ ಇರಲಿ ಎಂದು ಗೊತ್ತುಮಾಡಿದ್ದು 1920ರಲ್ಲಿ, ಪ್ಯಾರಿಸ್‌ನಲ್ಲಿ ನಡೆದ ರಾಷ್ಟ್ರಸಂಘದ ಸಭೆಯಲ್ಲಿ. ಹಾಗಂತ ಅದಕ್ಕೆ ಹಿಂದೆ ಎಲ್ಲರಿಗೂ ಬಾಗಿಲು ತೆರೆದಿತ್ತು ಅಂದುಕೊಳ್ಳಬೇಡಿ. 1908ರಲ್ಲಿ ಕೆನಡಾ ಒಂದು ಜಾಣ ನಿಯಮ ಮಾಡಿತು. ಹುಟ್ಟಿದ ದೇಶದಿಂದ ಎಲ್ಲೂ ನಿಲ್ಲದೆ, ಒಂದೇ ಟಿಕೆಟ್ಟಿನಲ್ಲಿ ಬಂದವರಿಗೆ ಮಾತ್ರ ಪ್ರವೇಶ. ಭಾರತದಿಂದ ಅಲ್ಲಿಗೆ ನೇರ ಹಡಗೇ ಇರಲಿಲ್ಲ! ಭಾರತೀಯರು ಬರಬೇಡಿ ಅಂತ ಎಲ್ಲೂ ಬರೆಯದೆ ಕೆಲಸ ಮುಗಿಸಿದರು. 1914ರಲ್ಲಿ ಕೊಮಾಗಾಟಾ ಮಾರು ಹಡಗಿನಲ್ಲಿ ಹೋದ 376 ಜನರಲ್ಲಿ ಹೆಚ್ಚಿನವರು ವ್ಯಾಂಕೂವರ್ ಬಂದರಿನಲ್ಲಿ ಇಳಿಯಲಾಗದೆ ವಾಪಸಾದರು. ಅಮೆರಿಕ ಇಷ್ಟು ಸುತ್ತಿ ಬಳಸಲಿಲ್ಲ. 1917ರ ಕಾನೂನಿನಲ್ಲಿ ಏಷ್ಯಾದ ಬಹುಭಾಗದವರು ವಲಸೆ ಬರುವಂತಿಲ್ಲ ಎಂದೇ ಬರೆಯಿತು. 1946ರಲ್ಲಿ ಬಾಗಿಲು ತೆಗೆದಾಗ ಭಾರತಕ್ಕೆ ಸಿಕ್ಕ ಪಾಲು ವರ್ಷಕ್ಕೆ 100 ಜನ.

ಸ್ವಾತಂತ್ರ್ಯ ಬಂದ ಮೇಲೆ ವಿಚಿತ್ರ ಪರಿಸ್ಥಿತಿ. 1948ರ ಕಾನೂನಿನ ಪ್ರಕಾರ ಕಾಮನ್‌ವೆಲ್ತ್ ದೇಶದವರು ಬ್ರಿಟನ್‌ಗೆ ವೀಸಾ ಇಲ್ಲದೆ ಹೋಗಿ ನೆಲೆಸಬಹುದಿತ್ತು. ಆ ಕಡೆ ಬಾಗಿಲು ತೆರೆದಿತ್ತು, ಈ ಕಡೆ ಪಾಸ್‌ಪೋರ್ಟ್ ಸಿಗುತ್ತಿರಲಿಲ್ಲ. ಓದು ಬರಹ ಇಲ್ಲದವರು, ಬಡವರು ಹೊರಗೆ ಹೋದರೆ ದೇಶದ ಮಾನ ಹೋಗುತ್ತದೆ ಎಂಬ ಭಾವನೆ ದೆಹಲಿಯ ಅಧಿಕಾರಿಗಳಲ್ಲಿತ್ತು. ಪಾಸ್‌ಪೋರ್ಟ್ ಕೊಡುವುದು ಸರ್ಕಾರದ ಮರ್ಜಿ. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಅಂತ ಹೇಳುವ ಕಾನೂನೇ ಇರಲಿಲ್ಲ.

ಇದನ್ನು ಮುರಿದದ್ದು ಕೋರ್ಟು. ಹೊರದೇಶಕ್ಕೆ ಹೋಗುವುದು ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಕೆಲವು ಹೈಕೋರ್ಟುಗಳು ಹೇಳತೊಡಗಿದವು. 1965ರಲ್ಲಿ ನಮ್ಮ ಆಗಿನ ಮೈಸೂರು ಹೈಕೋರ್ಟ್ ಕೂಡ ಆ ಸಾಲಿಗೆ ಸೇರಿತು. ಕರ್ನಾಟಕದವರೇ ಇದನ್ನು ಜಾಸ್ತಿ ನೆನೆಯುವುದಿಲ್ಲ, ಅಲ್ವಾ? 1967ರ ಏಪ್ರಿಲ್‌ನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಐದು ನ್ಯಾಯಮೂರ್ತಿಗಳಲ್ಲಿ ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಕೂದಲೆಳೆಯಲ್ಲಿ ಬಂದ ಹಕ್ಕು ಇದು. ಕಾನೂನು ಇಲ್ಲದೆ ಪಾಸ್‌ಪೋರ್ಟ್ ನಿರಾಕರಿಸುವಂತಿಲ್ಲ ಎಂದ ಮೇಲೆ ಸರ್ಕಾರ ಅವಸರವಸರವಾಗಿ ಸುಗ್ರೀವಾಜ್ಞೆ ತಂದು, ಅದೇ ಜೂನ್‌ನಲ್ಲಿ ಪಾಸ್‌ಪೋರ್ಟ್ ಕಾಯ್ದೆ ಮಾಡಿತು. ಇವತ್ತಿಗೂ ನಡೆಯುತ್ತಿರುವುದು ಅದೇ ಕಾಯ್ದೆ.

ಈ ಕಡೆ ಬಾಗಿಲು ತೆರೆಯುವ ಹೊತ್ತಿಗೆ ಆ ಕಡೆಯವು ಮುಚ್ಚತೊಡಗಿದ್ದವು. 1962ರಲ್ಲಿ ಬ್ರಿಟನ್ ಕೆಲಸಕ್ಕೆ ಬರುವ ಕಾಮನ್‌ವೆಲ್ತ್ ಜನರಿಗೆ ವೋಚರ್, ಅಂದರೆ ಕೆಲಸದ ಪರವಾನಗಿ ಚೀಟಿಯ, ಪದ್ಧತಿ ತಂದಿತು. 1980ರಲ್ಲಿ ಪಶ್ಚಿಮ ಜರ್ಮನಿ ಭಾರತೀಯರಿಗೆ ವೀಸಾ ಕಡ್ಡಾಯ ಮಾಡಿತು. 1986ರಲ್ಲಿ ಬ್ರಿಟನ್ ಕೂಡ. ಬರೀ ಪಾಸ್‌ಪೋರ್ಟ್ ಹಿಡಿದು ಲಂಡನ್ನಿಗೆ ನೆಂಟರನ್ನು ನೋಡಲು ಹೋಗುವ ಕಾಲ ಅಲ್ಲಿಗೆ ಮುಗಿಯಿತು. ಅಮೆರಿಕ ಮಾತ್ರ ಉಲ್ಟಾ ಹೋಯಿತು. 1965ರಲ್ಲಿ ದೇಶವಾರು ಹಳೇ ಕೋಟಾ ತೆಗೆದುಹಾಕಿ ಓದಿದವರನ್ನು ಕರೆಯಿತು. ನಮ್ಮಲ್ಲಿ ಆಗ ಓದಿದವರು ತಯಾರಾಗಿದ್ದರು. ಮೈಸೂರು ಮೆಡಿಕಲ್ ಕಾಲೇಜು 1924ರದ್ದು, ಮೈಸೂರಿನದೇ ಇಂಜಿನಿಯರಿಂಗ್ ಕಾಲೇಜು ಎನ್‌ಐಇ 1946ರದ್ದು, ಮಂಡ್ಯದ ಪಿಇಎಸ್ ಇಂಜಿನಿಯರಿಂಗ್ ಕಾಲೇಜು 1962ರದ್ದು. 1990ರಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾ ಬಂದ ಮೇಲಿನ ಕಥೆ ಎಲ್ಲರ ಮನೆಯಲ್ಲೂ ಇದೆ. ಸರಸ್ವತಿಪುರಂ, ಕುವೆಂಪುನಗರದಲ್ಲಿ ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳೇ ಸಾಕ್ಷಿ.

ವಾಪಸ್ ಬರ್ತೀರಾ?

ಮಕ್ಕಳು ಹೋದ ಮೇಲೆ ಅಪ್ಪ ಅಮ್ಮ ಹೊರಟರು. ಮಗಳ ಬಾಣಂತನಕ್ಕೆ, ಮೊಮ್ಮಗುವಿನ ನಾಮಕರಣಕ್ಕೆ. ಇವರಿಗೆ ಬೇಕಿರುವುದು ಸಂದರ್ಶಕರ ವೀಸಾ. ಇಲ್ಲಿ ಎದುರಾಗುವುದು 1952ರ ಅಮೆರಿಕದ ವಲಸೆ ಕಾನೂನಿನ ಒಂದು ಕಲಮು, 214(ಬಿ). ಈ ವೀಸಾ ಕೇಳಿ ಕಿಟಕಿಯ ಮುಂದೆ ನಿಂತ ಪ್ರತಿಯೊಬ್ಬರೂ ಅಲ್ಲೇ ಉಳಿದುಬಿಡುವ ಉದ್ದೇಶದವರು ಎಂದೇ ಅಧಿಕಾರಿ ಭಾವಿಸಬೇಕು. ಹಾಗಲ್ಲ ಎಂದು ತೋರಿಸುವ ಹೊಣೆ ಅರ್ಜಿ ಹಾಕಿದವರದ್ದು. ಪೊಲೀಸು, ಕೋರ್ಟಿನಲ್ಲಿ ತಪ್ಪು ಮಾಡಿದ್ದೀರಿ ಎಂದು ಅವರು ಸಾಬೀತು ಮಾಡಬೇಕು. ಇಲ್ಲಿ ಇನ್ನೂ ಮಾಡದ ತಪ್ಪನ್ನು ಮಾಡುವುದಿಲ್ಲ ಎಂದು ನಾವು ಸಾಬೀತು ಮಾಡಬೇಕು. ನನ್ನ ಪ್ರಕಾರ ಇಡೀ ವೀಸಾ ವ್ಯವಸ್ಥೆಯ ಗಂಟು ಇರುವುದು ಇಲ್ಲೇ.

ಹೆಣ್ಣು ಕೇಳಲು ಬಂದವರ ಹಾಗೆ ಮನೆ, ಜಮೀನು, ಸಂಬಳ, ಪಿಂಚಣಿ ಎಲ್ಲವನ್ನೂ ವಿಚಾರಿಸುವ ವ್ಯವಸ್ಥೆ ಇದು. ನಿವೃತ್ತ ಮೇಷ್ಟರಿಗೆ ಪರವಾಗಿಲ್ಲ, ಪಿಂಚಣಿ ಪ್ರತಿ ತಿಂಗಳು ಬ್ಯಾಂಕಿಗೆ ಬರುತ್ತದೆ. ಕಷ್ಟ ಇರುವುದು ಮಂಡ್ಯದ ಕಬ್ಬು ಬೆಳೆಗಾರನಿಗೆ. ನಾಲೆ ನೀರಿನ ನಾಲ್ಕೆಕರೆ ಗದ್ದೆ ಇರುವವನು ಊರು ಬಿಟ್ಟು ಎಲ್ಲಿಗೂ ಹೋಗುವವನಲ್ಲ. ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕಾಗದದಲ್ಲಿ ಮಾತ್ರ ಅವನು ಅಲೆಮಾರಿಯಂತೆ ಕಾಣುತ್ತಾನೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ಐಟಿ ರಿಟರ್ನ್ಸ್ ಇಲ್ಲ. ಕಾರ್ಖಾನೆಯ ದುಡ್ಡು ಬಂದಾಗ ಒಟ್ಟಿಗೆ ಬರುತ್ತದೆ, ಉಳಿದ ತಿಂಗಳು ಪಾಸ್‌ಬುಕ್ ಖಾಲಿ. ಆಲೆಮನೆಗೆ ಹಾಕಿದರೆ ನಗದು, ಅದರ ಲೆಕ್ಕ ಚೀಟಿಯಲ್ಲಿ. ಪಹಣಿ ತೆಗೆಸೋಣ ಅಂದರೆ ಜಮೀನು ಇನ್ನೂ ತೀರಿಹೋದ ತಾತನ ಹೆಸರಿನಲ್ಲಿರುತ್ತದೆ. ಪೌತಿ ಖಾತೆ ಆಗಿಲ್ಲ, ಅಣ್ಣತಮ್ಮಂದಿರ ಭಾಗ ಆಗಿಲ್ಲ. ಜರ್ಮನಿಯಲ್ಲಿರುವ ಮಗನನ್ನು ನೋಡಲು ಹೊರಟವರು ನಾಡಕಚೇರಿಗೆ ಅಲೆಯುವುದು ಈ ಕಾರಣಕ್ಕೆ.

ಇಲ್ಲಿ ಜನ ಒಂದು ವ್ಯತ್ಯಾಸ ತಿಳಿದುಕೊಳ್ಳಬೇಕು. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಕಾಗದ ನೋಡುತ್ತದೆ, ಅಮೆರಿಕ ಮನುಷ್ಯನನ್ನು ನೋಡುತ್ತದೆ. ಷೆಂಗೆನ್ ಪದ್ಧತಿ 1995ರಲ್ಲಿ ಜಾರಿಗೆ ಬಂತು. ಬೆಂಗಳೂರಿನ ಅರ್ಜಿ ಕೇಂದ್ರದಲ್ಲಿ ಫೈಲು, ಬೆರಳಚ್ಚು ಕೊಟ್ಟು ಬಂದರೆ, ತೀರ್ಮಾನ ಮಾಡುವ ಅಧಿಕಾರಿಯ ಮುಖವನ್ನು ಹೆಚ್ಚಿನವರು ನೋಡುವುದೇ ಇಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್, ಟಿಕೆಟ್ ಬುಕಿಂಗ್, 30,000 ಯೂರೋ ಮೊತ್ತದ ವಿಮೆ, ಎಲ್ಲ ಸರಿ ಇರಬೇಕು. ಕನ್ನಡದ ಪಹಣಿ ಕೊಡುವುದಾದರೆ ಇಂಗ್ಲಿಷ್ ಅನುವಾದ ಜೊತೆಗಿಡುವುದು ಒಳ್ಳೆಯದು. ನಿರಾಕರಿಸಿದರೆ ಕಾರಣಕ್ಕೆ ಟಿಕ್ ಹಾಕಿದ ಫಾರಂ ಕೊಡುತ್ತಾರೆ, ಮೇಲ್ಮನವಿಗೂ ದಾರಿ ಇದೆ. ಅಮೆರಿಕದ್ದು ಇದಕ್ಕೆ ತದ್ವಿರುದ್ಧ. ಆನ್‌ಲೈನಿನಲ್ಲಿ ತುಂಬಿದ ಡಿಎಸ್-160 ಅರ್ಜಿ ಮತ್ತು ಕಿಟಕಿಯ ಮುಂದೆ ಆಡುವ ಎರಡು ಮೂರು ನಿಮಿಷದ ಮಾತು, ಅಷ್ಟೇ. ಕಂಕುಳಲ್ಲಿ ಹೊತ್ತುಕೊಂಡು ಹೋದ ದಪ್ಪ ಫೈಲನ್ನು ಎಷ್ಟೋ ಸಲ ಮುಟ್ಟಿಯೂ ನೋಡುವುದಿಲ್ಲ. ಬೇಡ ಅಂದರೆ ಮೇಲ್ಮನವಿ ಇಲ್ಲ. ಶುಲ್ಕ ವಾಪಸಿಲ್ಲ. ಬೇಕಾದರೆ ಮತ್ತೆ ದುಡ್ಡು ಕಟ್ಟಿ ಮತ್ತೆ ಅರ್ಜಿ ಹಾಕಬಹುದು. ಸಂದರ್ಶಕರ ವೀಸಾ ಶುಲ್ಕ 2023ರ ಜೂನ್‌ನಲ್ಲಿ 160 ಡಾಲರಿನಿಂದ 185ಕ್ಕೆ ಏರಿತು.

ಅದಕ್ಕೇ ಏಜೆಂಟರ ಮಾತು ಕೇಳಿ ಸಾಲ ತಂದು ರಾತ್ರೋರಾತ್ರಿ ಎಫ್‌ಡಿ ಇಡುವುದು ಸುಮ್ನೆ ದಂಡ. ಎಲ್ಲಿಂದಲೋ ದಿಢೀರನೆ ಬಂದ ದುಡ್ಡು ನಂಬಿಕೆಗಿಂತ ಅನುಮಾನವನ್ನೇ ಹುಟ್ಟಿಸುತ್ತದೆ. ‘ಮಗಳ ಬಾಣಂತನಕ್ಕೆ ಹೋಗ್ತಿದ್ದೀನಿ, ಖರ್ಚು ಅಳಿಯಂದಿರು ನೋಡಿಕೊಳ್ತಾರೆ, ಇಲ್ಲಿ ಗದ್ದೆ ಇದೆ, ಯಜಮಾನರು ಇಲ್ಲೇ ಇರ್ತಾರೆ’ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳುವುದೇ ವಾಸಿ.

ಹೆಸರಿನ ತಕರಾರು

ನಮ್ಮ ಕಡೆಯವರಿಗೆ ಇನ್ನೊಂದು ತಾಪತ್ರಯ ಇದೆ. ಊರಿನ ಮೊದಲಕ್ಷರ, ಅಪ್ಪನ ಮೊದಲಕ್ಷರ, ಆಮೇಲೆ ಹೆಸರು. ಕುಲನಾಮ ಇಟ್ಟುಕೊಳ್ಳುವ ಅಭ್ಯಾಸ ಹಳೇ ಮೈಸೂರಿನಲ್ಲಿ ಕಡಿಮೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದರೆ ಅಮೆರಿಕದ ವೀಸಾದಲ್ಲಿ ಅದು ಕುಲನಾಮದ ಜಾಗಕ್ಕೆ ಹೋಗುತ್ತದೆ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಬೀಳುತ್ತದೆ. ಹೆಸರು ಗೊತ್ತಿಲ್ಲ ಅಂತ ಅರ್ಥ! ಎದುರಿಗೇ ನಿಂತಿರುವ ಮನುಷ್ಯನಿಗೆ. 2022ರ ನವೆಂಬರ್‌ನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟಿನವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ ಎಂದಿತು. ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಹೆಸರಿದ್ದರೆ ಸಾಕು ಎಂಬ ಸಡಿಲಿಕೆ ಆಮೇಲೆ ಬಂತು. ಮೇಟಗಳ್ಳಿಯಲ್ಲಿ ಅರ್ಜಿ ತುಂಬುವಾಗಲೇ ಇನಿಶಿಯಲ್ ಬಿಡಿಸಿ ಎರಡು ಭಾಗ ಮಾಡಿದರೆ ಮುಂದೆ ಇಷ್ಟು ರಗಳೆ ಇರುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕಿನವರು ಇದೇ ಜಿಲ್ಲೆಯಲ್ಲಿದ್ದಾರೆ. ಬೈಲಕುಪ್ಪೆಯ ಟಿಬೆಟನ್ನರಿಗೆ ಮೈಸೂರು ಸರ್ಕಾರ 1960ರ ಹೊತ್ತಿಗೆ ಜಾಗ ಕೊಟ್ಟಿತು. ಅಲ್ಲಿ ನಿರಾಶ್ರಿತರಾಗಿಯೇ ಇರುವವರಿಗೆ ಪಾಸ್‌ಪೋರ್ಟ್ ಇಲ್ಲ, ಭಾರತ ಸರ್ಕಾರ ಕೊಡುವ ಗುರುತಿನ ಪತ್ರದ ಹಳದಿ ಪುಸ್ತಕವೇ ಗತಿ. ವೀಸಾ ಹಾಕಿಸುವುದೂ ಅದರ ಮೇಲೆಯೇ. ‘ವಾಪಸ್ ಯಾವ ದೇಶಕ್ಕೆ ಬರ್ತೀರಾ’ ಎಂಬ ಪ್ರಶ್ನೆಗೆ ಅವರ ಉತ್ತರ ನಮ್ಮದಕ್ಕಿಂತ ಎಷ್ಟು ಉದ್ದ ಇರಬೇಕು, ಯೋಚಿಸಿ.

ಬೆಂಗಳೂರಿಗೆ ಬಂದರೂ

ಹಿಂದೆ ಬಹಳ ಜನರಿಗೆ ಸಂದರ್ಶನವಿಲ್ಲದೆ ಅಮೆರಿಕದ ವೀಸಾ ಸಿಗುತ್ತಿತ್ತು. 2001ರ ಸೆಪ್ಟೆಂಬರ್ ದಾಳಿಯ ನಂತರ, 2003 ಮತ್ತು 2004ರಲ್ಲಿ, ಮುಖಾಮುಖಿ ಸಂದರ್ಶನ ಹೆಚ್ಚುಕಡಿಮೆ ಎಲ್ಲರಿಗೂ ಕಡ್ಡಾಯವಾಯಿತು. ಅಲ್ಲಿಂದ ‘ಸ್ಲಾಟ್ ಸಿಕ್ತಾ’, ಅಂದರೆ ಸಂದರ್ಶನದ ತಾರೀಖು ಸಿಕ್ತಾ, ಎಂಬುದು ಮನೆಮಾತು. ಕೋವಿಡ್‌ನಲ್ಲಿ ಕಚೇರಿಗಳು ಮುಚ್ಚಿ ತೆರೆದ ಮೇಲೆ, 2022ರ ಕೊನೆಯಲ್ಲಿ, ಭಾರತದ ಕೆಲವು ಕಡೆ ಸಂದರ್ಶಕರ ವೀಸಾಕ್ಕೆ ಕಾಯುವ ಅವಧಿ 900 ದಿನ ದಾಟಿತ್ತು. ಮಗು ಹುಟ್ಟುವ ಮೊದಲು ಅರ್ಜಿ ಹಾಕಿದ ಅಜ್ಜಿ ಹೋಗುವಷ್ಟರಲ್ಲಿ ಮಗು ಶಾಲೆಗೆ ಸೇರುವ ಲೆಕ್ಕ. ಕೆಲವರು ಬ್ಯಾಂಕಾಕ್‌ಗೆ ಹೋಗಿ ಸಂದರ್ಶನ ಮುಗಿಸಿದರು.

ಇಷ್ಟೆಲ್ಲ ಐಟಿ ಜನ ಇರುವ ಬೆಂಗಳೂರಿಗೇ ಯಾಕೆ ಕಚೇರಿ ಬರಲಿಲ್ಲ? ಹೈದರಾಬಾದಿಗೆ 2008ರಲ್ಲೇ ಬಂದಿತ್ತು. 1963ರ ವಿಯೆನ್ನಾ ಒಪ್ಪಂದದ ಪ್ರಕಾರ ಕಾನ್ಸುಲೇಟ್ ಎಲ್ಲಿರಬೇಕು, ಯಾವ ಪ್ರದೇಶ ಅದರ ವ್ಯಾಪ್ತಿಗೆ ಬರಬೇಕು ಎಂಬುದಕ್ಕೆ ಎರಡೂ ದೇಶ ಒಪ್ಪಬೇಕು. ಹಾಗಾಗಿ ಇದು ಕೊಡು-ಕೊಳ್ಳುವ ವ್ಯವಹಾರ. 2023ರ ಜೂನ್‌ನಲ್ಲಿ ಮಾತು ಮುಗಿಯಿತು. ಭಾರತ ಸಿಯಾಟಲ್‌ನಲ್ಲಿ ಕಚೇರಿ ತೆರೆಯುವುದು, ಅಮೆರಿಕ ಬೆಂಗಳೂರು ಮತ್ತು ಅಹಮದಾಬಾದಿನಲ್ಲಿ ತೆರೆಯುವುದು. 2025ರ ಜನವರಿ 17ರಂದು ಬೆಂಗಳೂರಿನ ಹೋಟೆಲೊಂದರ ತಾತ್ಕಾಲಿಕ ಜಾಗದಲ್ಲಿ ಕಾನ್ಸುಲೇಟ್ ಉದ್ಘಾಟನೆ ಆಯಿತು. ಫೋಟೊ ನೋಡಿ ಮೈಸೂರಿನಲ್ಲೂ ಜನ ಖುಷಿಪಟ್ಟರು. ಆದರೆ ಅಂದು ಅಲ್ಲಿ ವೀಸಾ ಕೆಲಸ ಶುರುವಾಗಲಿಲ್ಲ.

ಅದೇ ವರ್ಷದ ಸೆಪ್ಟೆಂಬರ್ 2ರಿಂದ ಅಮೆರಿಕ ಸಂದರ್ಶನವಿಲ್ಲದೆ ಕಾಗದ ಕೊಟ್ಟು ವೀಸಾ ಪಡೆಯುವ ಡ್ರಾಪ್‌ಬಾಕ್ಸ್ ಸೌಲಭ್ಯವನ್ನೂ ಬಹಳ ಬಿಗಿ ಮಾಡಿತು. 79 ದಾಟಿದ ಹಿರಿಯರಿಗೆ, 14ಕ್ಕಿಂತ ಚಿಕ್ಕ ಮಕ್ಕಳಿಗೆ ಮೊದಲು ಇದ್ದ ಸಂದರ್ಶನದ ವಿನಾಯಿತಿ ಹೋಯಿತು. ಸಂದರ್ಶಕರ ಪೈಕಿ, ಪೂರ್ತಿ ಅವಧಿಯ ವೀಸಾ ಹೊಂದಿದ್ದು, ಅದು ಮುಗಿದ 12 ತಿಂಗಳೊಳಗೆ ನವೀಕರಣಕ್ಕೆ ಅರ್ಜಿ ಹಾಕಿದವರಿಗೆ ಮಾತ್ರ ಸಂದರ್ಶನ ತಪ್ಪುವ ಅವಕಾಶ ಉಳಿಯಿತು. ಅದಕ್ಕೂ ಹಳೇ ವೀಸಾ ಪಡೆದಾಗ 18 ತುಂಬಿರಬೇಕು, ಕೊನೆಯ ತೀರ್ಮಾನ ಅಧಿಕಾರಿಯದ್ದು. ಮನೆಯಲ್ಲಿ ವಯಸ್ಸಾದವರ ಹತ್ತು ವರ್ಷದ ವೀಸಾ ಇದ್ದರೆ, ಅದು ಮುಗಿಯುವ ತಾರೀಖನ್ನು ಈಗಲೇ ನೋಡಿ ಬರೆದಿಟ್ಟುಕೊಳ್ಳಿ.